ನಮ್ಮ ವಾಚನಾಲಯಕ್ಕೆ ಸಂಘವೋ, ಟ್ರಸ್ಟೋ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಒಂಬತ್ತು ಮಂದಿ ಗೆಳೆಯರು ಸೇರಿ ಐದು ವರ್ಷಗಳಿಂದ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಮಕ್ಕಳಿಗಾಗಿ ಉಚಿತ ವಾಚನಾಲಯವೊಂದನ್ನು ನಡೆಸುತ್ತಿದ್ದೇವೆ. ಇದುವರೆಗೆ ಬಂದ ದೇಣಿಗೆಯೆಲ್ಲ ನಮ್ಮಲ್ಲೊಬ್ಬರ ಉಳಿತಾಯ ಖಾತೆಯಲ್ಲಿದೆ. ಈಗ ಒಬ್ಬರು ದೊಡ್ಡ ಮೊತ್ತ ಕೊಡಲು ಮುಂದೆ ಬಂದಿದ್ದು, 80ಜಿ ರಸೀದಿ (ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ರಸೀದಿ) ಬೇಕೆನ್ನುತ್ತಿದ್ದಾರೆ. ನಾವು ಸಂಘವಾಗಿ ನೋಂದಾಯಿಸಬೇಕೆ, ಟ್ರಸ್ಟ್ ಮಾಡಬೇಕೆ? ನೋಂದಣಿಯಾದ ಕೂಡಲೇ ರಸೀದಿ ಕೊಡಬಹುದೆ?

ಉತ್ತರ: ನಮಸ್ಕಾರ. ಟ್ರಸ್ಟ್ ಎಂದರೆ ಒಬ್ಬರು ಒಂದು ಉದ್ದೇಶಕ್ಕಾಗಿ ಆಸ್ತಿಯನ್ನು ಮೀಸಲಿಟ್ಟು ಅದನ್ನು ಟ್ರಸ್ಟಿಗಳ ಕೈಗೆ ಒಪ್ಪಿಸುವ ವ್ಯವಸ್ಥೆ. ಅದರ ಪತ್ರವನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಅಲ್ಲಿ ಟ್ರಸ್ಟಿಗಳನ್ನು ಸದಸ್ಯರು ಚುನಾಯಿಸಬೇಕೆಂಬ ಕಡ್ಡಾಯವಿಲ್ಲ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಲ್ಲಿ ನೋಂದಾಯಿಸುವಂಥದ್ದು. ಅದರ ಆಡಳಿತ ಮಂಡಳಿ ಸರ್ವಸದಸ್ಯರ ಸಭೆಗೆ ಉತ್ತರ ಹೇಳಬೇಕು. ಕಂಪನಿ ಕಾಯ್ದೆಯ 8ನೇ ಕಲಂ ಅಡಿಯಲ್ಲಿ ಲಾಭರಹಿತ ಕಂಪನಿ ಮಾಡುವ ದಾರಿಯೂ ಇದೆ, ಆದರೆ ಅದರ ವಾರ್ಷಿಕ ಕಾಗದಪತ್ರಗಳ ಹೊರೆ ಒಂದು ವಾಚನಾಲಯಕ್ಕೆ ಅನಗತ್ಯ. ನೀವು ಒಂಬತ್ತು ಜನರೂ ಸಮಾನವಾಗಿ ದುಡಿದವರು. ನಾಳೆ ಹೊಸಬರು ಸೇರಬೇಕು, ಹಳಬರು ಹುದ್ದೆ ಬಿಟ್ಟುಕೊಡಬೇಕು ಎಂಬ ಆಸೆ ನಿಮಗಿದ್ದರೆ ನನ್ನ ಸಲಹೆ ಸಂಘವೇ.

ಆದರೆ ಅರ್ಜಿ ಬರೆಯುವ ಮೊದಲು ಬೈಲಾ, ಅಂದರೆ ಸಂಘದ ನಿಯಮಾವಳಿಯ ಮೇಲೆ ಒಂದು ವಾರವಾದರೂ ಕುಳಿತುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಬೇರೆ ಸಂಘದ ಬೈಲಾವನ್ನು ಹೆಸರು ಬದಲಿಸಿ ಒಪ್ಪಿಸಿದವರು ಮೊದಲ ಭಿನ್ನಾಭಿಪ್ರಾಯದ ದಿನವೇ ಪರಿತಪಿಸುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಯಾರು ಸದಸ್ಯರಾಗಬಹುದು, ಯಾವ ಕಾರಣಕ್ಕೆ ಮತ್ತು ಯಾವ ಕ್ರಮದಲ್ಲಿ ಒಬ್ಬರನ್ನು ಕೈಬಿಡಬಹುದು, ಸಭೆಗೆ ಕೋರಂ (ಕನಿಷ್ಠ ಹಾಜರಾತಿ) ಎಷ್ಟು, ಪದಾಧಿಕಾರಿಗಳ ಅವಧಿ ಎಷ್ಟು, ಚೆಕ್ಕಿಗೆ ಯಾವ ಇಬ್ಬರ ಸಹಿ ಬೇಕು ಎಂಬುದೆಲ್ಲ ನಿಮ್ಮ ಊರಿನ ವಾಸ್ತವಕ್ಕೆ ಹೊಂದುವಂತೆ ಇರಲಿ. ಉದ್ದೇಶಗಳಲ್ಲಿ ವಾಚನಾಲಯದ ಜೊತೆಗೆ ಮುಂದೆ ನಿಜವಾಗಿ ಮಾಡಬಹುದಾದ ಕೆಲಸಗಳಷ್ಟನ್ನೇ ಬರೆಯಿರಿ. ಸಂಘದ ಆದಾಯ ಸದಸ್ಯರಿಗೆ ಲಾಭವಾಗಿ ಹಂಚಿಕೆಯಾಗದು, ಸಂಘ ವಿಸರ್ಜನೆಯಾದರೆ ಉಳಿದ ಆಸ್ತಿ ಇದೇ ಬಗೆಯ ಉದ್ದೇಶವುಳ್ಳ ಇನ್ನೊಂದು ಸಂಸ್ಥೆಗೆ ಹೋಗಬೇಕು ಎಂಬ ಎರಡು ಷರತ್ತುಗಳು ಸ್ಪಷ್ಟವಾಗಿರಲಿ. ಆದಾಯ ತೆರಿಗೆ ಇಲಾಖೆ ಇವನ್ನು ಹುಡುಕಿ ನೋಡುತ್ತದೆ.

ರಸೀದಿಯ ವಿಷಯದಲ್ಲಿ ಅವಸರ ಬೇಡ. ಸಂಘದ ನೋಂದಣಿಯೇ ಬೇರೆ, ತೆರಿಗೆ ಇಲಾಖೆಯ ನೋಂದಣಿಯೇ ಬೇರೆ. ಸಂಘದ ಪ್ರಮಾಣಪತ್ರ ಬಂದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಿ, ಅನಂತರ 12ಎ ಹಾಗೂ 80ಜಿ ಎಂದು ಜನ ಕರೆಯುವ ಎರಡು ಮಾನ್ಯತೆಗಳಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಮೊದಲನೆಯದು ಸಂಘದ ಆದಾಯಕ್ಕೆ ವಿನಾಯಿತಿ ಕೊಡುತ್ತದೆ, ಎರಡನೆಯದು ದಾನಿಗೆ. (ಈ ಕಲಂಗಳು 1961ರ ಕಾಯ್ದೆಯವು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಕಲಂ ಸಂಖ್ಯೆಗಳು ಬದಲಾಗುತ್ತವೆ. ಅರ್ಜಿ ಹಾಕುವ ದಿನ ಯಾವ ನಮೂನೆ ಚಾಲ್ತಿಯಲ್ಲಿದೆಯೆಂದು ನೋಡಿಕೊಳ್ಳಿ.) ಮಾನ್ಯತೆ ಜಾರಿಗೆ ಬರುವ ಮೊದಲು ಪಡೆದ ಹಣಕ್ಕೆ 80ಜಿ ರಸೀದಿ ಕೊಡುವಂತಿಲ್ಲ, ಆದ್ದರಿಂದ ಆ ದಾನಿಗೆ ಸ್ವಲ್ಪ ಕಾಯುವಂತೆ ಹೇಳಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಈ ಅನುಕೂಲವಿಲ್ಲ, ಹೊಸ ತೆರಿಗೆ ಪದ್ಧತಿ (ದರ ಕಡಿಮೆ, ವಿನಾಯಿತಿಗಳೂ ಕಡಿಮೆ ಇರುವ ಆಯ್ಕೆ) ಆರಿಸಿಕೊಂಡ ದಾನಿಗೂ ಇಲ್ಲ. ಇದನ್ನು ಮೊದಲೇ ತಿಳಿಸಿದರೆ ನಂತರದ ಮನಸ್ತಾಪ ತಪ್ಪುತ್ತದೆ.

ವೈಯಕ್ತಿಕ ಖಾತೆಯಲ್ಲಿರುವ ಹಳೆಯ ಹಣದ ಬಗ್ಗೆ ನೀವು ಕೇಳಲಿಲ್ಲ, ಆದರೆ ನನಗೆ ಹೆಚ್ಚು ಆತಂಕ ತಂದದ್ದು ಅದೇ. ಆ ಖಾತೆ ಯಾರದೋ ಅವರ ಆದಾಯವೆಂದೇ ಇಲಾಖೆ ಕೇಳಬಹುದು, ಅವರಿಗೇನಾದರೂ ಆದರೆ ಹಣದ ಮೇಲೆ ವಾರಸುದಾರರು ಹಕ್ಕು ಹೇಳಬಹುದು. ಐದು ವರ್ಷಗಳ ಜಮಾ-ಖರ್ಚಿನ ಪಟ್ಟಿಯನ್ನು ಈಗಲೇ ಬರೆದು ಒಂಬತ್ತೂ ಜನ ಸಹಿ ಮಾಡಿ, ಸಂಘದ ಖಾತೆ ತೆರೆದ ಕೂಡಲೇ ಉಳಿದದ್ದನ್ನು ಬ್ಯಾಂಕ್ ಮೂಲಕವೇ ವರ್ಗಾಯಿಸಿ, ಮೊದಲ ಸಭೆಯ ನಡಾವಳಿಯಲ್ಲಿ ಅದನ್ನು ದಾಖಲಿಸಿ.

ಪ್ರಶ್ನೆ: ಅನಂತ ಧನ್ಯವಾದಗಳು, ಮೇಡಂ. ನೋಂದಣಿಯಾದ ಮೇಲೆ ಪ್ರತಿವರ್ಷ ಏನೇನು ಮಾಡಬೇಕು? ನಮ್ಮ ಕಾರ್ಯದರ್ಶಿ ದಿನವಿಡೀ ಅಲ್ಲಿಯೇ ಇರುತ್ತಾರೆ, ಅವರಿಗೆ ಸಂಬಳ ಕೊಡಬಹುದೆ?

ಉತ್ತರ: ಸಂಘಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಮಾಡಿಸಿ, ವಾರ್ಷಿಕ ಮಹಾಸಭೆ ನಡೆಸಿ, ಆ ಸಭೆಯಿಂದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ನಮ್ಮಲ್ಲಿ ಇದನ್ನೇ ನವೀಕರಣ ಎನ್ನುವುದು. ಚಟುವಟಿಕೆ ಇಲ್ಲದ ವರ್ಷವೂ ಸಲ್ಲಿಸಬೇಕು. ಬಿಟ್ಟರೆ ದಂಡ ಬೆಳೆಯುತ್ತದೆ, ಕೊನೆಗೆ ನೋಂದಣಿಯೇ ಅಪಾಯಕ್ಕೆ ಸಿಲುಕುತ್ತದೆ. ತೆರಿಗೆ ವಿನಾಯಿತಿ ಬೇಕಿದ್ದರೆ ಸಾಮಾನ್ಯವಾಗಿ ಆ ವರ್ಷದ ಆದಾಯದ ಶೇಕಡಾ 85ರಷ್ಟನ್ನು ಉದ್ದೇಶಕ್ಕೇ ಖರ್ಚು ಮಾಡಿರಬೇಕು, ಇಲ್ಲವೇ ನಿಗದಿತ ನಮೂನೆಯಲ್ಲಿ ಕಾರಣ ತಿಳಿಸಿ ಮುಂದಿನ ವರ್ಷಗಳಿಗೆ ಕಾಯ್ದಿಡಬೇಕು. ಹೊಸ ಸಂಸ್ಥೆಗೆ ಸಿಗುವ ಮೂರು ವರ್ಷಗಳ ತೆರಿಗೆ ನೋಂದಣಿ ತಾತ್ಕಾಲಿಕವಾದದ್ದು. ಚಟುವಟಿಕೆ ಆರಂಭವಾಗಿ ಆರು ತಿಂಗಳಾಗುವುದರೊಳಗೆ ಅಥವಾ ಆ ಅವಧಿ ಮುಗಿಯಲು ಆರು ತಿಂಗಳಿರುವಾಗ, ಯಾವುದು ಮೊದಲೋ ಆಗ, ಎರಡನೆಯ ಅರ್ಜಿ ಹಾಕಲೇಬೇಕು. ಇದನ್ನು ಮರೆತು ವಿನಾಯಿತಿ ಕಳೆದುಕೊಂಡವರನ್ನು ನೋಡಿ ನೊಂದಿದ್ದೇನೆ.

ಸಂಬಳಕ್ಕೆ ಅಡ್ಡಿಯಿಲ್ಲ. ಬೈಲಾದಲ್ಲಿ ಅವಕಾಶವಿರಬೇಕು, ಮೊತ್ತ ಕೆಲಸಕ್ಕೆ ತಕ್ಕಷ್ಟಿರಬೇಕು, ನಿರ್ಣಯ ಮಾಡುವಾಗ ಅವರು ಸಭೆಯಿಂದ ಹೊರಗಿರಬೇಕು. ವಿಪರೀತ ಸಂಬಳ ಕೊಟ್ಟರೆ ಅದು ಪದಾಧಿಕಾರಿಗೆ ಸಂಘದ ಹಣದಿಂದ ಲಾಭ ಮಾಡಿಕೊಟ್ಟಂತೆಯೇ ಆಗಿ ವಿನಾಯಿತಿಗೆ ಕುತ್ತು ಬರುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಣ್ಣ ನಮ್ಮ ಸಂಘಕ್ಕೆ ಹಣ ಕಳಿಸುತ್ತೇನೆ ಎನ್ನುತ್ತಿದ್ದಾರೆ. ಪಡೆಯಬಹುದೆ?

ಉತ್ತರ: ನಿಮ್ಮ ಅಣ್ಣನವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನು ಮೊದಲು ಕೇಳಿ. ಅವರಿನ್ನೂ ಭಾರತೀಯ ಪ್ರಜೆಯಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ಮೂಲದ ಹಣವೇ. ಅದಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆ ಸಾಮಾನ್ಯವಾಗಿ ಮೂರು ವರ್ಷ ಹಳೆಯದಾಗಿರಬೇಕು, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ಈ ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಅನುಮತಿಯಿಲ್ಲದೆ ಸಣ್ಣ ಮೊತ್ತವನ್ನಾದರೂ ಪಡೆಯುವುದು ಅಪರಾಧವಾದ್ದರಿಂದ, ಉತ್ತರ ಸಿಗುವವರೆಗೆ ಸಂಘದ ಖಾತೆ ಸಂಖ್ಯೆಯನ್ನು ಅವರಿಗೆ ಕಳಿಸಬೇಡಿ.