ಸೋಲುತ್ತಿದ್ದರೂ ಯಾಕೆ ನಿಂತಿದ್ದಾರೆ? ಸುಜಾತಾಗೆ ಮಾವನ ಉತ್ತರ (ಫೆಬ್ರವರಿ 2024)

ಸುಜಾತಾ, ನಿನ್ನ ಮೆಸೇಜ್ ಈಗ ನೋಡಿದೆ. ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಪಾರ್ಟಿಯಿಂದ ಯಾರು ನಿಲ್ಲಬೇಕು ಅನ್ನುವ ಪಾರ್ಟಿಯೊಳಗಿನ ಓಟಲ್ಲಿ ನಿಕ್ಕಿ ಹೇಲಿ ಟ್ರಂಪ್ ಎದುರು ತವರು ಸೌತ್ ಕೆರೊಲಿನಾದಲ್ಲೂ ಸೋತರಲ್ಲ, ಪುಟ್ಟು ಇನ್ನೂ ಅವರ ಹಿಂದೆ ಓಡಾಡುತ್ತಿದ್ದಾನೆ, ದುಡ್ಡೂ ಕೊಡುತ್ತಿದ್ದಾನೆ, ಆಯಮ್ಮ ಸುಮ್ನೆ ಹಿಂದೆ ಸರಿಯಬಾರದಾ ಮಾವ ಅಂತ ಕೇಳಿದ್ದೀಯ. ಟೈಪ್ ಮಾಡುವುದು ನನ್ನ ಕೈಲಾಗಲ್ಲ, ಹೇಳುತ್ತೇನೆ ಕೇಳು.

ಸರಿಯಬಾರದು ಕಣಮ್ಮ. ಎಣಿಕೆಗೆ ಮುಂಚೆ ಎದ್ದು ಹೋದವರನ್ನು ಆಮೇಲೆ ಯಾರೂ ಕೇಳುವುದಿಲ್ಲ. ನನ್ನ ಕಥೆ ನಿಮಗೆಲ್ಲ ಗೊತ್ತಲ್ಲ, ಇಲ್ಲಿನ ಕನ್ನಡ ಸಂಘದ ಎಲೆಕ್ಷನ್ನು. ಹಿಂದಿನ ರಾತ್ರಿ ಇಬ್ಬರು ದೊಡ್ಡ ಮನುಷ್ಯರು ಮನೆಗೆ ಬಂದರು. ನಿಮ್ಮತ್ತೆ ಕರಿದ ಕೋಡುಬಳೆ ಒಂದು ತಟ್ಟೆ ಖಾಲಿ ಮಾಡಿದರು. "ಹೇಗೂ ಸೋಲುತ್ತೀರಿ, ವಾಪಸ್ ತಗೊಳ್ಳಿ, ಮುಂದಿನ ಸಲ ನೀವೇ ಅಧ್ಯಕ್ಷರು" ಅಂದರು. ನಿಮ್ಮತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಬೇಡ ಬೇಡ ಅಂತ ತಲೆ ಆಡಿಸಿದಳು. ನಾನು ಸೈನ್ ಹಾಕಿಬಿಟ್ಟೆ. ಮುಂದಿನ ಸಲ ಹೋಗಿ ಕೇಳಿದರೆ, "ನಿಮಗೆ ಎಷ್ಟು ಜನ ಇದ್ದಾರೆ ಸಾರ್?" ಅಂದರು. ಏನು ತೋರಿಸಲಿ? ನನ್ನ ಓಟು ಯಾರೂ ಎಣಿಸಿರಲೇ ಇಲ್ಲವಲ್ಲ!

ಹೇಲಿ ಸೋತರೂ ಸುಮಾರು 40 ಪರ್ಸೆಂಟ್ ತಗೊಂಡರು. ಅದು ಪೇಪರ್ ಮೇಲಿದೆ, ನಾಳೆ ಪಾರ್ಟಿಯವರು ಇಲ್ಲ ಅನ್ನುವ ಹಾಗಿಲ್ಲ. ಮಾರ್ಚ್ 5ಕ್ಕೆ ಒಂದೇ ದಿನ 15 ರಾಜ್ಯದಲ್ಲಿ ಓಟು, ನಮ್ಮ ನಾರ್ತ್ ಕೆರೊಲಿನಾನೂ ಅದರಲ್ಲೇ. ಇದೇ ರಾಜ್ಯ ತಾನೇ 1976ರಲ್ಲಿ, ಇದೇ ಪಾರ್ಟಿಯೊಳಗಿನ ಓಟಲ್ಲಿ, ಆಗಿನ ಅಧ್ಯಕ್ಷ ಫೋರ್ಡ್ ಎದುರು ನಿಂತಿದ್ದ ರೇಗನ್‌ನ ಉಳಿಸಿದ್ದು? ನ್ಯೂ ಹ್ಯಾಂಪ್‌ಶೈರ್ ಹೋಯಿತು, ಫ್ಲೋರಿಡಾ ಹೋಯಿತು, ಇಲಿನಾಯ್ ಹೋಯಿತು, ಮೈತುಂಬಾ ಸಾಲ. ಎಲ್ಲರೂ ಬಿಡು ಅಂದರು, ಬಿಡಲಿಲ್ಲ. ಇಲ್ಲಿ ಗೆದ್ದು ಕೊನೇ ತನಕ ಹೋಗಿ, ಫೋರ್ಡ್‌ಗೆ 1187 ಡೆಲಿಗೇಟ್, ಅಂದರೆ ಪಾರ್ಟಿಯ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು, ರೇಗನ್‌ಗೆ 1070. ಸೋತರು. ಆದರೆ 1980ರಲ್ಲಿ ಸೀದಾ ವೈಟ್ ಹೌಸ್. ಹೇಲಿ ಹಾಗೆ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ, ಟ್ರಂಪ್ ಕೈಲಿ ಪಾರ್ಟಿ ಪೂರ್ತಿ ಇದೆ. ಆದರೂ ಎಣಿಕೆಗೆ ಮುಂಚೆ ಏಳಬಾರದು, ಇನ್ನೊಂದು ಸಲ ಹೇಳುತ್ತಿದ್ದೇನೆ, ಏಳಬಾರದು.

ನನ್ನನ್ನೇ ನೋಡು. ಇವತ್ತಿಗೂ ರಾಜ್ಯೋತ್ಸವ ಬಂದರೆ ನನಗೆ ಪಾರ್ಕಿಂಗ್ ಡ್ಯೂಟಿ. ಚಳಿಯಲ್ಲಿ ಟಾರ್ಚ್ ಹಿಡಿದು ನಿಲ್ಲಬೇಕು, ಒಳಗೆ ಹೋಗುವಷ್ಟರಲ್ಲಿ ಬಿಸಿಬೇಳೆಬಾತ್ ತಳ ಹತ್ತಿರುತ್ತೆ. ಮನೆಯವರೂ ಏನು ಕಮ್ಮಿ ಇಲ್ಲ ಬಿಡು. ನಿಮ್ಮಣ್ಣನ ಗೃಹಪ್ರವೇಶಕ್ಕೆ ಸೋದರಮಾವನಿಗೇ ವಾಟ್ಸಾಪಲ್ಲಿ ಕಾರ್ಡು! ಒಂದು ಫೋನ್ ಮಾಡಕ್ಕಾಗಲಿಲ್ಲ ಅವನಿಗೆ. ಇರಲಿ, ಅವನೂ ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಪುಟ್ಟು ಇನ್ನೂ ಎಚ್-1ಬಿ, ಕೆಲಸದ ವೀಸಾದಲ್ಲೇ ತಾನೇ? ಗ್ರೀನ್ ಕಾರ್ಡ್ ಬಂದಿಲ್ಲ ಅಲ್ವಾ? ಹಾಗಾದರೆ ಅವನು ಯಾವ ಕ್ಯಾಂಡಿಡೇಟ್‌ಗೂ ಒಂದು ಡಾಲರೂ ಕೊಡುವ ಹಾಗಿಲ್ಲ, ಕಾನೂನೇ ಇದೆ. ಸಂಬಳ ಇಲ್ಲದೆ ಓಡಾಡಲಿ, ಫೋನ್ ಮಾಡಲಿ, ಅದಕ್ಕೆ ತೊಂದರೆ ಇಲ್ಲ. ಇವತ್ತೇ ಹೇಲಿ ಪ್ರಚಾರದವರಿಗೆ ಇಮೇಲ್ ಬರೆದು, ನಾನು ಸಿಟಿಜನ್ ಅಲ್ಲ, ಗ್ರೀನ್ ಕಾರ್ಡೂ ಇಲ್ಲ, ದುಡ್ಡು ವಾಪಸ್ ಮಾಡಿ ಅಂತ ಕೇಳಲಿ. ದುಡ್ಡು ಕೊಡುವ ಪೇಜಲ್ಲಿ 'ಪ್ರತಿ ತಿಂಗಳು' ಅನ್ನೋ ಕಡೆ ಟಿಕ್ ಬಿದ್ದಿದ್ದರೆ ಅದನ್ನೂ ತೆಗೆಸಲಿ, ಇಲ್ಲದಿದ್ದರೆ ಕಾರ್ಡಿಂದ ಹೋಗ್ತಾನೇ ಇರುತ್ತೆ. ರಸೀದಿ ನನಗೊಬ್ಬನಿಗೇ ಕಳಿಸಲಿ, ಗ್ರೂಪಿಗೆ ಹಾಕುವುದು ಬೇಡ.