ಡೈವಿಂಗ್ ಸಾಮಾನು: ಯಾವುದರಿಂದ ಶುರು ಮಾಡುವುದು, ಮಳೆಗಾಲದಲ್ಲಿ ಹೇಗೆ ಇಡುವುದು?

ಕಾರವಾರದಿಂದ ಕೇಳಿದ್ದು

ಅಣ್ಣಂದಿರೇ, ಅಕ್ಕಂದಿರೇ, ನೇತ್ರಾಣಿ ದ್ವೀಪದಲ್ಲಿ ಓಪನ್ ವಾಟರ್ ಕೋರ್ಸ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ತರಬೇತಿ) ಮುಗಿಸಿದೆ. ಇನ್ನು ಪ್ರತಿ ಸೀಸನ್‌ನಲ್ಲೂ ಹೋಗುವ ಆಸೆ ಇದೆ. ಬಾಡಿಗೆ ಸಾಮಾನು ಸಾಕು ಎನ್ನುವವರೂ ಇದ್ದಾರೆ, ಎಲ್ಲ ಸ್ವಂತದ್ದೇ ಇರಲಿ ಎನ್ನುವವರೂ ಇದ್ದಾರೆ. ಒಮ್ಮೆಗೇ ಅಷ್ಟು ದುಡ್ಡು ಹಾಕಲು ನನ್ನಿಂದ ಆಗುವುದಿಲ್ಲ. ಮೊದಲು ಏನು ತಗೊಳ್ಳಲಿ? ಜೂನ್ ಬಂತೆಂದರೆ ಸೀಸನ್ ಮುಗಿಯಿತು. ಅಲ್ಲಿಂದ ನಾಲ್ಕು ತಿಂಗಳು ಎಲ್ಲ ಮನೆಯಲ್ಲೇ ಕೂತಿರುತ್ತದೆ. ಹಾಳಾಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಮುರುಡೇಶ್ವರದಿಂದ

ಮೊದಲು ಕಣ್ಣು, ಮೂಗು ಮುಚ್ಚುವ ಮಾಸ್ಕ್ ತಗೋ ತಮ್ಮಾ. ಉಳಿದದ್ದನ್ನೆಲ್ಲ ನಿಧಾನಕ್ಕೆ ನೋಡಿದರಾಯಿತು. ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಬಾಡಿಗೆಯದ್ದಾದರೂ ಯಾರ ಬಾಯಿಗೂ ಆಗುತ್ತದೆ, ಬಿಸಿಡಿ (ಗಾಳಿ ತುಂಬಿ ತೇಲುವುದನ್ನು ಹತೋಟಿಯಲ್ಲಿಡುವ ಜಾಕೆಟ್) ಅಳತೆ ನೋಡಿ ಹಾಕಿಕೊಂಡರೆ ನಡೆಯುತ್ತದೆ. ಆದರೆ ಒಬ್ಬರ ಮುಖಕ್ಕೆ ಕೂತ ಮಾಸ್ಕ್ ಇನ್ನೊಬ್ಬರಿಗೆ ಕೂರುವುದಿಲ್ಲ.

ಅಂಗಡಿಯಲ್ಲಿ ಹೀಗೆ ಮಾಡು. ಪಟ್ಟಿಯನ್ನು ಗಾಜಿನ ಮುಂದಕ್ಕೆ ಮಡಚು. ತಲೆ ಮೇಲೆತ್ತಿ, ಮಾಸ್ಕನ್ನು ಒತ್ತದೆ ಸುಮ್ನೆ ಮುಖದ ಮೇಲೆ ಇಟ್ಟುಕೋ. ಹಣೆ, ಕಣ್ಣಿನ ಪಕ್ಕ, ಮೂಗಿನ ಕೆಳಗೆ ಅಂಚು ಎಲ್ಲೂ ಎದ್ದಿರಬಾರದು. ಈಗ ಮೂಗಿನಿಂದ ಮೆಲ್ಲಗೆ ಉಸಿರೆಳೆದು ಹಿಡಿದುಕೋ, ತಲೆ ತಗ್ಗಿಸಿ ಕೈ ಬಿಡು. ಬೀಳದೆ ನಿಂತರೆ ಸರಿ. ಆಮೇಲೆ ಬಾಯಲ್ಲಿ ಮೌತ್‌ಪೀಸ್ ಇಟ್ಟುಕೊಂಡು ಇನ್ನೊಮ್ಮೆ ನೋಡು. ಮೌತ್‌ಪೀಸ್ ಕಚ್ಚಿದಾಗ ಕೆನ್ನೆ, ಮೇಲ್ತುಟಿ ಎಲ್ಲ ಬೇರೆ ಥರ ಕೂರುತ್ತವೆ. ಅಂಗಡಿಯಲ್ಲಿ ಚೆನ್ನಾಗಿ ಕೂತ ಮಾಸ್ಕ್ ನೀರಿನಲ್ಲಿ ಸೋರುವುದು ಎಷ್ಟೋ ಸಲ ಇದರಿಂದಲೇ. ಪಟ್ಟಿ ಬಿಗಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ಬಿಗಿದಷ್ಟೂ ಅಂಚು ಸೊಟ್ಟಗಾಗಿ ನೀರು ಜಾಸ್ತಿ ಬರುತ್ತದೆ. ಮೀಸೆ ಇದ್ದರೆ ಮೂಗಿಗೆ ತಾಗಿದ ಕಡೆ ಸ್ವಲ್ಪ ಕತ್ತರಿಸಿಕೋ.

ಗಾಜು ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಇರಲೇಬೇಕು. ಹೊಸ ಗಾಜಿನ ಒಳಗೆ ತೆಳ್ಳಗೆ ಸಿಲಿಕೋನ್ ಪದರ ಇರುತ್ತದೆ. ಅದು ಹೋಗುವವರೆಗೂ ಮಂಜು ಕಟ್ಟುತ್ತಲೇ ಇರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಿನಿಂದ ಉಜ್ಜಿ ತೊಳೆ. ಒಂದೆರಡು ಸಲ ಬೇಕಾಗಬಹುದು. ಗಾಜಿಗೆ ವಿಶೇಷ ಲೇಪನ ಇದ್ದರೆ ಮಾತ್ರ ಇದು ಬೇಡ.

ಈಜಲು ಕಾಲಿಗೆ ಹಾಕುವ ಫಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ನೇತ್ರಾಣಿ ಇಲ್ಲಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಿಂದಲೇ ನೀರಿಗೆ ಇಳಿಯುವುದು. ಪಾದ ಪೂರ್ತಿ ಮುಚ್ಚುವ ಹಗುರ ಫಿನ್ ಸಾಕು.

ಹೊನ್ನಾವರದಿಂದ

ಮಾಸ್ಕ್ ವಿಷಯದಲ್ಲಿ ಮುರುಡೇಶ್ವರದ ಅಣ್ಣ ಹೇಳಿದ್ದೇ ಸರಿ. ಅದಾದ ಮೇಲೆ ನಾನಾದರೆ ವೆಟ್‌ಸೂಟ್ (ನೀರಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು) ತಗೊಳ್ಳುತ್ತೇನೆ. ನಮ್ಮ ನೀರು ಬೆಚ್ಚಗಿರುತ್ತದೆ, 3 ಮಿಲಿಮೀಟರ್ ದಪ್ಪದ್ದು ಸಾಕು. ಮೈಗೆ ಅಂಟಿಕೊಂಡಿರಬೇಕು, ಆದರೆ ಎದೆ ಬಿಗಿದು ಉಸಿರಿಗೆ ತೊಂದರೆ ಆಗಬಾರದು. ಹೆಂಗಸರು ಹೆಂಗಸರ ಅಳತೆಯದ್ದನ್ನೇ ಕೇಳಿ ತಗೊಳ್ಳಿ. ಗಂಡಸರ ಚಿಕ್ಕ ಸೈಜ್ ಕೊಟ್ಟರೆ ಸೊಂಟದ ಹತ್ತಿರ ನೀರು ತುಂಬಿಕೊಳ್ಳುತ್ತದೆ.

ತೊಳೆಯುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನು ಹಾಳಾಗುವುದು ಸಮುದ್ರದಲ್ಲಲ್ಲ, ಮನೆಗೆ ತಂದ ಮೇಲೆ. ಉಪ್ಪುನೀರು ಒಣಗಿದರೆ ಹರಳು ಕಟ್ಟುತ್ತದೆ. ಆ ಹರಳು ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ), ಬಟನ್, ಜಿಪ್‌ಗಳ ಸಂದಿಯಲ್ಲಿ ಕೂತು ಕೊರೆಯುತ್ತದೆ. ಅದಕ್ಕೇ ಒಣಗುವ ಮೊದಲೇ ಸಿಹಿನೀರಲ್ಲಿ ನೆನೆಹಾಕಬೇಕು. ಮೇಲಿಂದ ಎರಡು ಚೊಂಬು ಸುರಿದರೆ ಸಾಲುವುದಿಲ್ಲ. ದೊಡ್ಡ ಟಬ್‌ನಲ್ಲಿ ಅರ್ಧ ಗಂಟೆಯಾದರೂ ಇರಲಿ, ಉಗುರುಬೆಚ್ಚಗಿನ ನೀರಾದರೆ ಇನ್ನೂ ಒಳ್ಳೆಯದು. ಕಡಲ ಪಕ್ಕದ ಮನೆಯವರು ಒಂದು ನೋಡಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಕಡೆ ಎಷ್ಟೋ ಬಾವಿಯ ನೀರು ಉಪ್ಪಾಗುತ್ತದೆ. ನಾಲಿಗೆಗೆ ಉಪ್ಪೆನಿಸಿದರೆ ಆ ನೀರಲ್ಲಿ ತೊಳೆದು ಪ್ರಯೋಜನ ಇಲ್ಲ, ನಲ್ಲಿ ನೀರು ಹಿಡಿಯಿರಿ.

ಬಿಸಿಡಿಯ ಹೊರಗೆ ಎಲ್ಲರೂ ತೊಳೆಯುತ್ತಾರೆ, ಒಳಗೆ ತೊಳೆಯುವವರು ಕಡಿಮೆ. ಬಾಯಿಂದ ಗಾಳಿ ಊದುವ ಕೊಳವೆಯ ಬಟನ್ ಒತ್ತಿ ಹಿಡಿದು ಸಿಹಿನೀರು ಬಿಡಿ. ಮೂರರಲ್ಲಿ ಒಂದು ಪಾಲು ತುಂಬಿದ ಮೇಲೆ ಸ್ವಲ್ಪ ಗಾಳಿ ಊದಿ, ತಲೆಕೆಳಗು ಮಾಡಿ ಚೆನ್ನಾಗಿ ಅಲುಗಾಡಿಸಿ, ಬಸಿಯಿರಿ. ಬರುವ ನೀರಿನಲ್ಲಿ ಉಪ್ಪು, ಮರಳು ಎಲ್ಲ ಕಾಣುತ್ತದೆ. ತಿಳಿನೀರು ಬರುವವರೆಗೂ ಮಾಡಿ. ಗಾಳಿ ತುಂಬುವ ಬಟನ್‌ನಲ್ಲಿ ಉಪ್ಪು ಕಟ್ಟಿದರೆ ಅದು ಒತ್ತಿದಲ್ಲೇ ಸಿಕ್ಕಿಕೊಂಡು ಗಾಳಿ ತಾನಾಗಿ ತುಂಬುತ್ತಾ ಹೋಗಬಹುದು. ನೀರಿನ ಕೆಳಗೆ ಹಾಗಾದರೆ ಡೈವರ್ ಸರ್ರನೆ ಮೇಲಕ್ಕೆ ಹೋಗುತ್ತಾರೆ. ಶ್ವಾಸಕೋಶಕ್ಕೆ ಅದಕ್ಕಿಂತ ಅಪಾಯ ಇಲ್ಲ. ದಯವಿಟ್ಟು ಈ ಬಟನ್ ಅಸಡ್ಡೆ ಮಾಡಬೇಡಿ.

ರೆಗ್ಯುಲೇಟರ್ ನೆನೆಹಾಕುವ ಮೊದಲು ಫಸ್ಟ್ ಸ್ಟೇಜ್‌ನ (ಸಿಲಿಂಡರ್‌ಗೆ ಜೋಡಿಸುವ ಭಾಗದ) ಮುಚ್ಚಳ, ಅಂದರೆ ಡಸ್ಟ್ ಕ್ಯಾಪ್, ಒರೆಸಿ ಗಟ್ಟಿಯಾಗಿ ಮುಚ್ಚಿ. ನೆನೆಹಾಕಿದಾಗ ಪರ್ಜ್ ಬಟನ್ (ಬಾಯಿಗೆ ಇಡುವ ಭಾಗದ ಮುಂದಿನ ಬಟನ್) ಒತ್ತಲೇಬೇಡಿ. ಸಿಲಿಂಡರ್ ಜೋಡಿಸಿರದಾಗ ಒತ್ತಿದರೆ ಒಳಗಿನ ವಾಲ್ವ್ ತೆರೆದು ನೀರು ಹೋಸ್‌ಗೆ (ಗಾಳಿಯ ಕೊಳವೆಗೆ) ಇಳಿಯುತ್ತದೆ.

ಶಿರಸಿಯಿಂದ

ನಾನು ವೆಟ್‌ಸೂಟ್‌ಗಿಂತ ಮೊದಲು ಡೈವ್ ಕಂಪ್ಯೂಟರ್ (ಆಳ, ಸಮಯ ಲೆಕ್ಕ ಇಡುವ ಪುಟ್ಟ ಸಾಧನ) ಎನ್ನುತ್ತೇನೆ. ಕೋರ್ಸ್‌ನಲ್ಲಿ ಬಳಸುವ ಒಂದು ಟೇಬಲ್ ಪ್ರಕಾರ ಮೊದಲ ಡೈವ್‌ಗೆ 18 ಮೀಟರ್‌ನಲ್ಲಿ ಹೆಚ್ಚೆಂದರೆ 56 ನಿಮಿಷ ಇರಬಹುದು, ಅದಕ್ಕಿಂತ ಜಾಸ್ತಿ ಇದ್ದರೆ ಮೈಯಲ್ಲಿ ಸಾರಜನಕ ಹೆಚ್ಚಾಗುತ್ತದೆ. ಆದರೆ ಯಾರೂ ಒಂದೇ ಆಳದಲ್ಲಿ ನಿಲ್ಲುವುದಿಲ್ಲ ಅಲ್ವಾ? ಕಂಪ್ಯೂಟರ್ ನಿಮ್ಮ ಆಳವನ್ನು ಕ್ಷಣಕ್ಷಣಕ್ಕೂ ನೋಡಿ ಲೆಕ್ಕ ಇಡುತ್ತದೆ, ಎರಡನೇ ಡೈವ್‌ಗೂ ಅದನ್ನೇ ಮುಂದುವರಿಸುತ್ತದೆ. ಘಟ್ಟದ ಮೇಲಿನವರಿಗೆ ಇನ್ನೊಂದು ಕಾರಣ ಇದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಎರಡು ಡೈವ್ ಮಾಡಿ ಬಟ್ಟೆ ಬದಲಿಸಿ ನೇರ ದೇವಿಮನೆ ಘಟ್ಟ ಹತ್ತುವುದು ಒಳ್ಳೆಯದಲ್ಲ. ಮೈಯಲ್ಲಿ ಸಾರಜನಕ ಇನ್ನೂ ಉಳಿದಿರುತ್ತದೆ, ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಮೈಯೊಳಗೇ ಗುಳ್ಳೆ ಕಟ್ಟಬಹುದು. ಎಷ್ಟು ಹೊತ್ತು ಕಾಯಬೇಕು ಎಂದು ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಯೇ ಹೊರಡಿ. ನಾವು ಅವತ್ತು ರಾತ್ರಿ ಕೆಳಗೇ ಉಳಿದುಬಿಡುತ್ತೇವೆ.

ಮಳೆಗಾಲದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿಸದೆ ಏನನ್ನೂ ಒಳಗಿಡಬೇಡಿ. ಆದರೆ ಒದ್ದೆ ಬಟ್ಟೆ ಹರವಿದ ಹಾಗೆ ವೆಟ್‌ಸೂಟನ್ನು ಬಚ್ಚಲೊಲೆಯ ಮೇಲೆ ಹಾಕಬೇಡಿ, ಅಡಿಕೆ ಡ್ರೈಯರ್ ಹತ್ತಿರವೂ ಬೇಡ. ಬಿಸಿಗೆ ಅದರ ರಬ್ಬರ್ (ನಿಯೋಪ್ರೀನ್) ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮೇ ತಿಂಗಳಲ್ಲೇ ನೆರಳಲ್ಲಿ, ಒಳಗು ಹೊರಗು ಮಾಡಿ ಒಣಗಿಸಿ. ಆಮೇಲೆ ಅಗಲದ ಹ್ಯಾಂಗರ್‌ಗೆ ಹಾಕಿ, ಮಡಚಿಟ್ಟರೆ ಮಡಿಕೆಯಲ್ಲೇ ತೆಳುವಾಗುತ್ತದೆ. ಬಿಸಿಡಿಯಲ್ಲಿ ಸ್ವಲ್ಪ ಗಾಳಿ ಬಿಟ್ಟಿಡಿ, ಒಳಗಿನ ಪದರ ಅಂಟಿಕೊಳ್ಳುವುದಿಲ್ಲ. ಮಾಸ್ಕ್ ಅದರ ಡಬ್ಬಿಯಲ್ಲೇ ಇರಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಿಳಿ ಸಿಲಿಕೋನ್ ಮಾಸ್ಕಿಗೆ ಕಪ್ಪು ರಬ್ಬರ್ ತಾಗಿಸಿ ಇಡಬೇಡಿ, ಬಣ್ಣ ಹಿಡಿಯುತ್ತದೆ. ರೆಗ್ಯುಲೇಟರ್‌ನ ಬಾಯಿಗೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಜಿರಲೆ ಒಳಗೆ ಹೋಗುತ್ತದೆ. ತುಕ್ಕು ಹಿಡಿಯದಿರಲಿ ಎಂದು ತೆಂಗಿನೆಣ್ಣೆ ಸವರುವವರಿದ್ದಾರೆ. ಅದು ಬೇಡವೇ ಬೇಡ. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್, ಅದೂ ಚೂರೇ ಚೂರು.

ಕಾರವಾರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಸಲ ಮಾಸ್ಕ್, ಆಮೇಲೆ ಕಂಪ್ಯೂಟರ್. ಗೆಳೆಯನೊಬ್ಬ ಹಳೇ ರೆಗ್ಯುಲೇಟರ್ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾನೆ. ತಗೊಳ್ಳಬಹುದಾ?

ಮುರುಡೇಶ್ವರದಿಂದ

ಬೆಲೆ ಕೇಳುವ ಮೊದಲು ಕೊನೆಯ ಸರ್ವಿಸ್ ಯಾವಾಗ ಆಯಿತು ಎಂದು ಕೇಳು. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ, ಅದನ್ನು ಸುಮಾರು 10 ಬಾರ್‌ಗೆ ಇಳಿಸುವುದೇ ಫಸ್ಟ್ ಸ್ಟೇಜ್‌ನ ಕೆಲಸ. ಬಳಸದೆ ಇಟ್ಟಿದ್ದರೂ ಒಳಗಿನ ರಬ್ಬರ್ ಹಳತಾಗುತ್ತದೆ. ಗಾಳಿ ಒಳಗೆ ಬರುವ ಕಡೆ ಪುಟ್ಟ ಫಿಲ್ಟರ್ ಕಾಣುತ್ತದೆ, ಟಾರ್ಚ್ ಬಿಟ್ಟು ನೋಡು. ಹಸಿರು ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ ಎಂದೇ ಲೆಕ್ಕ. ಹೋಸ್ ತುದಿಯ ರಬ್ಬರ್ ತೋಳನ್ನು ಹಿಂದಕ್ಕೆ ಸರಿಸಿ ಬಗ್ಗಿಸಿ ನೋಡು, ಬಿರುಕು ಅಡಗಿರುವುದು ಅಲ್ಲೇ. ಆ ಮಾಡೆಲ್‌ಗೆ ಬಿಡಿಭಾಗ ಸಿಗದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಸಿಕ್ಕರೆ, ಪೂರ್ತಿ ಸರ್ವಿಸ್ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕು. ಸರ್ವಿಸ್ ಆದ ಮೇಲೆ ಮೊದಲ ಸಲ ಈಜುಕೊಳದಲ್ಲಿ ಹಾಕಿ ನೋಡು, ಆಮೇಲೆ ನೇತ್ರಾಣಿಗೆ ತಾ.