ವೈಡ್‌ಬ್ಯಾಂಡ್ ಸೆನ್ಸರ್ ನಾಲ್ಕೇ ತಿಂಗಳಿಗೆ ಸತ್ತಿತು: ತಪ್ಪು ಅದರದೋ ನನ್ನದೋ?

ಅರ್ಧಬೂಸ್ಟ್ (ಪ್ರಶ್ನೆ)

ಎರಡು ಲೀಟರ್ ಪೆಟ್ರೋಲ್ ಎಂಜಿನ್ನಿಗೆ ನಾನೇ ಟರ್ಬೊ (ಹೊಗೆಯ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಕೂರಿಸಿದ್ದೇನೆ. ಬೂಸ್ಟ್, ಅಂದರೆ ಅದು ತುಂಬುವ ಗಾಳಿಯ ಒತ್ತಡ, ಒಂದು ಬಾರ್ ದಾಟುವುದಿಲ್ಲ. ಗಾಳಿ-ಇಂಧನ ಅನುಪಾತ ನೋಡಲು ಹಾಕಿದ ವೈಡ್‌ಬ್ಯಾಂಡ್ ಸೆನ್ಸರುಗಳಲ್ಲಿ ಮೊದಲನೆಯದು ಏಳು ತಿಂಗಳಿಗೆ, ಎರಡನೆಯದು ನಾಲ್ಕು ತಿಂಗಳಿಗೆ ಕಣ್ಣು ಮುಚ್ಚಿತು. ಎರಡೂ ಎಲ್‌ಎಸ್‌ಯು 4.9 ಮಾದರಿಯವು. ಟರ್ಬೊ ಬಾಯಿಯಿಂದ ಒಂದು ಗೇಣು ದೂರದಲ್ಲಿ, ಡೌನ್‌ಪೈಪಿಗೆ (ಟರ್ಬೊದಿಂದ ಹೊರಡುವ ಹೊಗೆ ಕೊಳವೆ) ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಗೂಡು) ವೆಲ್ಡ್ ಮಾಡಿಸಿದ್ದೆ. ಕೈ ತೂರುವ ಜಾಗ ಅದೊಂದೇ ಇದ್ದುದರಿಂದ ಸೆನ್ಸರ್ ಅಡ್ಡಡ್ಡ ಮಲಗಿದೆ.

ಇನ್ನೊಂದು ಕಾಟ. ಪೂರ್ಣ ಬೂಸ್ಟಿನಲ್ಲಿ ಮೀಟರ್ 11.8 (ಒಂದು ಪಾಲು ಇಂಧನಕ್ಕೆ ಅಷ್ಟು ಪಾಲು ಗಾಳಿ) ತೋರಿಸಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲಾಗ್ 12.0 ಎನ್ನುತ್ತದೆ. ರಾತ್ರಿ ಓಡಿಸಿದರಂತೂ ಲಾಗ್‌ನಲ್ಲಿ 12.3. ಯಾವುದನ್ನು ನಂಬಿ ಮ್ಯಾಪ್ (ಎಷ್ಟು ಇಂಧನ ಎಂದು ಇಸಿಯುಗೆ ಹೇಳುವ ಪಟ್ಟಿ) ತಿದ್ದಲಿ?

ಅಂದ ಹಾಗೆ, ರಾತ್ರಿ ದೂರ ಹೋಗುವಾಗ ಮೀಟರಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದು ಆಗಾಗ ಅದರ ಫ್ಯೂಸ್ ಕಿತ್ತು ಓಡಿಸುತ್ತೇನೆ. ಅದರಿಂದ ಏನೂ ಆಗುವುದಿಲ್ಲ ತಾನೆ?

ಕರಿಮಸಿ

ನಾನು ಈವರೆಗೆ ಐದು ಸೆನ್ಸರ್ ಕೊಂದಿದ್ದೇನೆ. ಈ ವಿಷಯದಲ್ಲಿ ನನಗಿರುವ ಅರ್ಹತೆ ಅದೊಂದೇ.

ಕೊಲೆಗಾರನನ್ನು ನೀವು "ಅಂದ ಹಾಗೆ" ಎಂದು ಕೊನೆಯ ಸಾಲಿನಲ್ಲಿ ಪರಿಚಯಿಸಿದ್ದೀರಿ. ಸೆನ್ಸರಿನೊಳಗೆ ಹೀಟರ್ ಇದೆ. ಸೆರಾಮಿಕ್ ತುದಿಯನ್ನು ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದಿಡುವುದು ಅದರ ಕೆಲಸ. ಆ ಬಿಸಿಗೆ ತುದಿಗೆ ಅಂಟಿದ ಮಸಿ ಸುಟ್ಟುಹೋಗುತ್ತದೆ. ಫ್ಯೂಸ್ ಕಿತ್ತರೆ ಹೀಟರ್ ಆರುತ್ತದೆ, ಹೊಗೆ ಮಾತ್ರ ಹರಿಯುತ್ತಲೇ ಇರುತ್ತದೆ. ತಣ್ಣಗಿನ ತುದಿಯ ಸೂಕ್ಷ್ಮ ರಂಧ್ರಗಳಲ್ಲಿ ಮಸಿ ಮೆತ್ತಿಕೊಳ್ಳುತ್ತದೆ. ಬೂಸ್ಟಿನಲ್ಲಿ ರಿಚ್ ಆಗಿ, ಅಂದರೆ ಇಂಧನ ಹೆಚ್ಚಾಗಿ, ಓಡುವ ಟರ್ಬೊ ಎಂಜಿನ್ನಿನಲ್ಲಿ ಮಸಿಗೇನು ಬರವೇ? ಕೊಳವೆಯಲ್ಲಿ ಸೆನ್ಸರ್ ಇದ್ದು ಎಂಜಿನ್ ಓಡುತ್ತಿದ್ದರೆ ಅದಕ್ಕೆ ವಿದ್ಯುತ್ ಇರಲೇಬೇಕು. ಇಲ್ಲವೆಂದರೆ ಸೆನ್ಸರ್ ಬಿಚ್ಚಿ, ಬಂಗಿಗೆ ಮುಚ್ಚಳ ಹಾಕಿ ಓಡಿಸಿ. ಬೆಳಕು ಚುಚ್ಚಿದರೆ ಮೀಟರಿಗೆ ಒಂದು ತುಂಡು ಕಪ್ಪು ಟೇಪ್ ಸಾಕು.

ಇನ್ನು ಜಾಗ. ಒಂದು ಗೇಣು ಸಾಲದು, ನಾಲ್ಕು ಗೇಣು ಬೇಕು: ಟರ್ಬೊದಿಂದ ಸುಮಾರು 90 ಸೆಂಟಿಮೀಟರ್ ಆಚೆ, ಆದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಈಚೆ. 4.9 ಮಾದರಿಯಲ್ಲಿ ಸ್ಪ್ಯಾನರ್ ಹಿಡಿಯುವ ಷಟ್ಕೋನದ ಭಾಗ 600 ಡಿಗ್ರಿ ದಾಟಬಾರದು, ಹೊಗೆಯ ಬಿಸಿ ಸತತವಾಗಿ 930 ಮೀರಬಾರದು. ಟರ್ಬೊ ಬಾಯಲ್ಲೇ ಕೂತರೆ ಈ ಮಿತಿಗಳಲ್ಲಿ ಉಸಿರಾಡಲು ಜಾಗವೇ ಉಳಿಯುವುದಿಲ್ಲ.

ಅಡ್ಡ ಮಲಗಿಸಿದ್ದೂ ತಪ್ಪು. ಎಂಜಿನ್ ಆರಿಸಿದ ಮೇಲೆ ಕೊಳವೆಯೊಳಗಿನ ಹಬೆ ನೀರಾಗುತ್ತದೆ, ಆ ನೀರು ಸೆನ್ಸರಿನ ಗೂಡಿನಲ್ಲಿ ನಿಲ್ಲುತ್ತದೆ. ಮರುದಿನ ಹೀಟರ್ ಕಾದ ಮೇಲೆ ಒಂದು ಹನಿ ತಗುಲಿದರೂ ಸೆರಾಮಿಕ್ ಬಿರುಕು ಬಿಡುತ್ತದೆ, ಕಾದ ಗಾಜಿಗೆ ತಣ್ಣೀರು ಬಿದ್ದಂತೆ. ಕೊಳವೆಯನ್ನು ಗಡಿಯಾರ ಎಂದುಕೊಂಡರೆ ಹತ್ತು ಗಂಟೆಗೂ ಎರಡು ಗಂಟೆಗೂ ನಡುವೆ ಎಲ್ಲಿಯಾದರೂ ಕೂರಿಸಿ, ತುದಿ ಕೆಳಮುಖವಾಗಿರಲಿ. ಇದೇ ಕಾರಣಕ್ಕೆ, ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡದೆ ಹಾಡು ಕೇಳುತ್ತ ಕೂರುವ ಅಭ್ಯಾಸವಿದ್ದರೆ ಬಿಡಿ. ನನ್ನ ಮೂರನೆಯದು ಹೋದದ್ದು ಹಾಗೆ.

ಮ್ಯಾನಿಫೋಲ್ಡ್ ಮಿತ್ರ

ಇಷ್ಟೆಲ್ಲ ಒದ್ದಾಟ ಯಾಕೆ? ಟರ್ಬೊಗಿಂತ ಮುಂಚೆ, ಮ್ಯಾನಿಫೋಲ್ಡಿನಲ್ಲೇ (ಎಂಜಿನ್ನಿನಿಂದ ಟರ್ಬೊಗೆ ಹೊಗೆ ಒಯ್ಯುವ ಭಾಗ) ಹಾಕಿದರೆ ಸೆನ್ಸರ್ ಬೇಗ ಸ್ಪಂದಿಸುತ್ತದೆ, ಮಸಿಯೂ ನಿಲ್ಲುವುದಿಲ್ಲ.

ಕರಿಮಸಿ

ಮಸಿ ನಿಲ್ಲುವುದಿಲ್ಲ, ಸೆನ್ಸರೂ ನಿಲ್ಲುವುದಿಲ್ಲ. ಬಿಸಿಯ ಮಾತು ಹಾಗಿರಲಿ, ಬೂಸ್ಟ್ ಬಂದಾಗ ಟರ್ಬೊಗಿಂತ ಮುಂಚಿನ ಭಾಗದಲ್ಲಿ ಹೊಗೆಯ ಒತ್ತಡ ಏರುತ್ತದೆ. ಒತ್ತಡ ಏರಿದರೆ ಸೆನ್ಸರಿನೊಳಕ್ಕೆ ನುಸುಳುವ ಅನಿಲದ ಪ್ರಮಾಣವೂ ಏರುತ್ತದೆ. ರಿಚ್ ಇದ್ದದ್ದು ಇನ್ನೂ ರಿಚ್ ಆಗಿ ಕಾಣುತ್ತದೆ. 11.8 ಅನ್ನು 11.3 ಎಂದು ಓದಿ ನೀವು ಇಂಧನ ಕಡಿಮೆ ಮಾಡಿದಿರಿ ಎಂದುಕೊಳ್ಳಿ. ಮುಂದಿನದನ್ನು ಪಿಸ್ಟನ್ನುಗಳು ಹೇಳುತ್ತವೆ.

ವೋಲ್ಟ್‌ಮೀಟರ್

ಲಾಗ್ ವಿಷಯಕ್ಕೆ ಬರುತ್ತೇನೆ. ರಾತ್ರಿ ವ್ಯತ್ಯಾಸ ಹೆಚ್ಚುತ್ತದೆ ಎಂದಿರಲ್ಲ, ಅಲ್ಲೇ ಉತ್ತರವಿದೆ. ರಾತ್ರಿ ಹೆಡ್‌ಲೈಟ್ ಉರಿಯುತ್ತದೆ. ಮೀಟರಿನ ಗ್ರೌಂಡ್ ತಂತಿಯನ್ನು ಡ್ಯಾಶ್‌ಬೋರ್ಡ್ ಹಿಂದಿನ ಯಾವುದೋ ಬೋಲ್ಟಿಗೆ ಸಿಕ್ಕಿಸಿದ್ದೀರಿ, ಅಲ್ಲವೆ? ಆ ಬೋಲ್ಟಿನ ಮೂಲಕ ಬೇರೆ ಕರೆಂಟ್ ಹರಿದಾಗ ಅಲ್ಲಿನ ವೋಲ್ಟೇಜ್ ಸ್ವಲ್ಪ ಮೇಲೇಳುತ್ತದೆ. ಇಸಿಯುಗೆ ಹೋಗುವ 0–5 ವೋಲ್ಟ್ ಸಂಕೇತವೂ ಅಷ್ಟೇ ಮೇಲೇಳುತ್ತದೆ. ಮೀಟರಿನ ಪರದೆ ಸೆನ್ಸರನ್ನು ನೇರವಾಗಿ ಓದುವುದರಿಂದ ಸದ್ಯಕ್ಕೆ ಅದನ್ನೇ ನಂಬಿ. ನಿಮ್ಮ ಸಂಕೇತದಲ್ಲಿ 0 ವೋಲ್ಟ್ ಎಂದರೆ 10, 5 ವೋಲ್ಟ್ ಎಂದರೆ 20 ಆಗಿದ್ದರೆ, 0.5 ವ್ಯತ್ಯಾಸಕ್ಕೆ ಕಾಲು ವೋಲ್ಟ್ ಸಾಕು. ಎರಡು ಗ್ರೌಂಡ್‌ಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ಕ್ಯಾನ್ (ವೋಲ್ಟೇಜ್ ಬದಲು ಅಂಕಿಯನ್ನೇ ಕಳಿಸುವ ಡಿಜಿಟಲ್) ಸಂಪರ್ಕ ಇರುವ ಮೀಟರ್ ಆದರೆ ಈ ಗೊಡವೆಯೇ ಇಲ್ಲ.

ಅರ್ಧಬೂಸ್ಟ್

ಹಿಡಿದು ನೋಡಿದೆ. ಹೆಡ್‌ಲೈಟ್ ಆರಿಸಿದಾಗ 0.10 ವೋಲ್ಟ್, ಹೊತ್ತಿಸಿದಾಗ 0.24. ಮೀಟರಿನ ಗ್ರೌಂಡನ್ನು ಇಸಿಯು ಗ್ರೌಂಡ್ ಇರುವ ಜಾಗಕ್ಕೇ ತಂದೆ. ಈಗ ಪರದೆ, ಲಾಗ್ ಎರಡೂ ಒಂದೇ ಮಾತು ಆಡುತ್ತಿವೆ, ಹಗಲೂ ರಾತ್ರಿಯೂ.

ಬಿಚ್ಚಿದ ಸೆನ್ಸರಿನ ತುದಿ ಕಪ್ಪು ವೆಲ್ವೆಟ್ ಹೊದ್ದಂತಿತ್ತು. ಕರಿಮಸಿಯವರಿಗೆ ಶರಣು. ಹೊಸ ಬಂಗ್ ವೆಲ್ಡ್ ಮಾಡಿಸಲು ನಾಳೆ ಹೋಗುತ್ತೇನೆ. ಆದರೆ ನಾಲ್ಕು ಗೇಣು ಆಚೆಗೆ ವೈರ್ ಎಟುಕುವುದಿಲ್ಲ. ಪ್ಲಗ್ ಕತ್ತರಿಸಿ ಉದ್ದ ಮಾಡಬಹುದೆ?

ಕರಿಮಸಿ

ಕತ್ತರಿ ಕೆಳಗಿಡಿ. ಆ ಪ್ಲಗ್ಗಿನೊಳಗೆ ಒಂದು ಪುಟ್ಟ ರೆಸಿಸ್ಟರ್ ಇದೆ. ಪ್ರತಿ ಸೆನ್ಸರಿಗೂ ಕಾರ್ಖಾನೆಯಲ್ಲೇ ಅಳೆದು ಹೊಂದಿಸಿದ್ದು ಅದು. ಒಂದರ ಪ್ಲಗ್ ಇನ್ನೊಂದಕ್ಕೆ ಸೇರಿದರೆ ಅಳತೆ ಕೆಟ್ಟಿತು. ಕಂಟ್ರೋಲರಿನ (ಅಂದರೆ ಮೀಟರಿನ) ಕಡೆಯ ವೈರನ್ನು, ಪ್ಲಗ್ಗಿಗೆ ಹೊಂದುವ ಎಕ್ಸ್‌ಟೆನ್ಷನ್ ಹಾಕಿ ಉದ್ದ ಮಾಡಿ. ವೆಲ್ಡಿಂಗ್ ಸಮಯದಲ್ಲಿ ಸೆನ್ಸರ್ ಕಾರಿನಲ್ಲಿ ಇರಕೂಡದು. ಬಿಗಿಯುವಾಗ 50 ನ್ಯೂಟನ್ ಮೀಟರ್ ಆಸುಪಾಸು, 22ರ ಸ್ಪ್ಯಾನರ್.

ಅರ್ಧಬೂಸ್ಟ್

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಹೊಸ ಸೆನ್ಸರ್ ಹನ್ನೊಂದು ಗಂಟೆಯ ಜಾಗದಲ್ಲಿ ಕೂತಿದೆ. ಬೂಸ್ಟಿನಲ್ಲಿ 11.8, ಒಂದಿಷ್ಟೂ ಅಲುಗುವುದಿಲ್ಲ. ಐಡ್ಲಿಂಗಿನಲ್ಲಿ ಮಾತ್ರ 14.7 ಇರಬೇಕಾದದ್ದು 15.9 ಇದೆ. ಜಾಗ ಬದಲಿಸುವ ಮುಂಚೆ ಹೀಗಿರಲಿಲ್ಲ.

ಕರಿಮಸಿ

ಐಡ್ಲಿಂಗಿನಲ್ಲಿ ಲೀನ್ (ಗಾಳಿ ಹೆಚ್ಚು, ಇಂಧನ ಕಡಿಮೆ), ಬೂಸ್ಟಿನಲ್ಲಿ ಸರಿ ಎಂದರೆ ಸೆನ್ಸರಿಗಿಂತ ಮೊದಲು ಎಲ್ಲೋ ಗಾಳಿ ಒಳಗೆ ಬರುತ್ತಿದೆ. ಹೊಗೆಯ ಒತ್ತಡ ಕಡಿಮೆಯಿರುವಾಗ ಸಣ್ಣ ಸಂದಿಯೂ ಹೊರಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರಿನ ಊದುವ ಕಡೆಯನ್ನು ಸೈಲೆನ್ಸರ್ ಬಾಯಿಗೆ ಹಿಡಿದು, ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿ. ನನ್ನ ಅನುಮಾನ ನಿಮ್ಮ ಹಳೆಯ ಬಂಗಿನ ಮುಚ್ಚಳದ ಮೇಲೆ. ಸಿಕ್ಕಿದರೆ ದಯವಿಟ್ಟು ಸಿಲಿಕೋನ್ ಮೇಣ ಮೆತ್ತಬೇಡಿ, ಅದರ ಆವಿ ಈ ಸೆನ್ಸರಿಗೆ ವಿಷ. ತಾಮ್ರದ ವಾಷರ್ ಹಾಕಿ ಬಿಗಿಯಿರಿ.

ಅರ್ಧಬೂಸ್ಟ್

ಮುಚ್ಚಳದ ಸುತ್ತಲೂ ಗುಳ್ಳೆಗಳ ಹಾರ. ಸಿಲಿಕೋನ್ ಟ್ಯೂಬ್ ಕೈಯಲ್ಲೇ ಇತ್ತು, ಮುಚ್ಚಳವನ್ನೂ ತಿರುಗಿಸಿ ತೆಗೆದಾಗಿತ್ತು. ವಾಷರ್ ಹಾಕಿದ ಮೇಲೆ 14.7. ಮೀಟರಿಗೆ ಟೇಪ್ ಕೂಡ ಅಂಟಿಸಿದ್ದೇನೆ.